ದೂರದರ್ಶನದ ಶುದ್ಧಪಾಠ



ನೋಡುವ ಪೆಟ್ಟಿಗೆಯ ವಿಚಾರವನ್ನು ಕೇಳುವ ಪೆಟ್ಟಿಗೆಯ ಮೂಲಕ ಹೇಳಹೊರಡುವುದು ಸ್ವಲ್ಪ ವಿಚಿತ್ರವೆಂದು ತೋರಬಹುದು. ಆದರೆ ಅದರಲ್ಲಿ ಒಂದು ಅನುಕೂಲವೂ ಉಂಟು. ನನ್ನ ಮಾತು ನಡೆಯುವಷ್ಟು ಹೊತ್ತು ನಿಮ್ಮ ಕಿವಿಯೊಂದು ಇಲ್ಲಿದ್ದರೆ ಸಾಕು; ಕಣ್ಣಿಗೆ ಬಿಡುವು. ಮನೆಯ ಟಿ.ವಿ.ಯನ್ನು ಸದ್ದಡಗಿಸಿ ಎದುರಿಗಿಟ್ಟುಕೊಂಡು, ನಾನು ಹೇಳುವುದು ನಿಜವೋ ಸುಳ್ಳೋ ಎಂಬುದನ್ನು ಆಗಿಂದಾಗಲೇ ಪರೀಕ್ಷಿಸಬಹುದು. ಭಾಷಣಕಾರನಿಗೆ ಇದಕ್ಕಿಂತ ಅಪಾಯಕರವಾದ ಸಭೆ ಇನ್ನೊಂದಿಲ್ಲ; ಪ್ರಾಮಾಣಿಕವಾದ ಸಭೆಯೂ ಇನ್ನೊಂದಿಲ್ಲ.

ನಮ್ಮ ಮೈಸೂರಿಗೂ ಬಾನುಲಿಗೂ ಇರುವ ನಂಟು ಹಳೆಯದು. 1935 ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಆ ಕಾಲದಲ್ಲಿ ರೇಡಿಯೋ ಇದ್ದವರೆಲ್ಲರಿಗೂ ಒಂದು ವಿದ್ಯೆ ಗೊತ್ತಿತ್ತು: ಗುಂಡಿ ತಿರುಗಿಸಿ, ಮುಳ್ಳನ್ನು ಕೂದಲೆಳೆಯಷ್ಟು ಅತ್ತ ಇತ್ತ ಸರಿಸಿ, ಕರಕರ ಸದ್ದಿನ ನಡುವಿನಿಂದ ಧ್ವನಿಯನ್ನು ಹೆಕ್ಕಿ ತೆಗೆಯುವುದು. ಅನಂತರ ದೂರದರ್ಶನ ಬಂತು. 1982 ರಲ್ಲಿ ಅದಕ್ಕೆ ಬಣ್ಣವೂ ಬಂತು. ಆಗಲೂ ಒಬ್ಬರು ತಾರಸಿಯ ಮೇಲೆ ಆಂಟೆನಾ ಹಿಡಿದು ನಿಂತು “ಬಂತೇ?” ಎಂದು ಕೂಗುವುದು, ಒಳಗಿನವರು “ಇನ್ನೂ ಸ್ವಲ್ಪ ಎಡಕ್ಕೆ” ಎನ್ನುವುದು ಮನೆಮನೆಯ ನಾಟಕವಾಗಿತ್ತು. ಯಂತ್ರವನ್ನು ಹದಕ್ಕೆ ತಂದುಕೊಳ್ಳುವುದು ನೋಡುವವನ ಕೆಲಸ ಎಂದು ಎಲ್ಲರೂ ಒಪ್ಪಿದ್ದರು. ಈಗಿನ ಪೆಟ್ಟಿಗೆ ಗೋಡೆಗೆ ಅಂಟಿ ತೆಳ್ಳಗಾಗಿದೆ, ತಾನೇ ಎಲ್ಲವನ್ನೂ ಮಾಡಿಕೊಳ್ಳುತ್ತದೆಂಬ ಭರವಸೆ ಹುಟ್ಟಿಸುತ್ತದೆ. ಆದ್ದರಿಂದ ನಾವು ಅದನ್ನು ಮುಟ್ಟುವುದನ್ನೇ ಬಿಟ್ಟಿದ್ದೇವೆ.

ಇಂಗ್ಲಿಷಿನಲ್ಲಿ ಕ್ಯಾಲಿಬ್ರೇಷನ್ ಎಂದು ಕರೆಯುವ ಕೆಲಸವನ್ನು ಕನ್ನಡದಲ್ಲಿ ಏನೆನ್ನಬೇಕು? ಸಂಗೀತದವರು “ಶ್ರುತಿ ಮಾಡುವುದು” ಎನ್ನುತ್ತಾರೆ. ಅಂಗಡಿಯ ತಕ್ಕಡಿಗೆ ಮುದ್ರೆ ಹಾಕುವ ಅಧಿಕಾರಿ “ತೂಕ ಸರಿನೋಡುವುದು” ಎನ್ನುತ್ತಾನೆ. ಎರಡೂ ಸರಿಯಾದ ಮಾತುಗಳೇ. ಆದರೆ ನಾನು ಕನ್ನಡ ಪಾಠ ಹೇಳಿದವನು. ನನಗೆ ಹೊಳೆಯುವ ಹೋಲಿಕೆ ಬೇರೆ. ಡಿ. ಎಲ್. ನರಸಿಂಹಾಚಾರ್ಯರ “ಕನ್ನಡ ಗ್ರಂಥಸಂಪಾದನೆ” ಓದಿದವರಿಗೆ ಲಿಪಿಕಾರ ಎಂಬ ವ್ಯಕ್ತಿಯ ಪರಿಚಯವಿರುತ್ತದೆ. ಕವಿಯ ಕಾವ್ಯವನ್ನು ಓಲೆಯಿಂದ ಓಲೆಗೆ ಪ್ರತಿಮಾಡುವವನು ಅವನು. ಅವನು ಅಜ್ಞಾನಿಯಾದರೆ ಅಕ್ಷರ ತಪ್ಪುತ್ತಾನೆ. ಅದನ್ನು ತಿದ್ದುವುದು ಸುಲಭ. ಅವನು ಅರೆ ಪಂಡಿತನಾದರೆ ಮಾತ್ರ ದೊಡ್ಡ ಅನರ್ಥ. ಕವಿಯ ಪದ ತನಗೆ ರುಚಿಸದಿದ್ದಲ್ಲಿ ಅದಕ್ಕಿಂತ ಹೊಳಪಿನ ಪದವೊಂದನ್ನು ತಂದು ಕೂರಿಸುತ್ತಾನೆ, ಅಲ್ಲಲ್ಲಿ ತನ್ನದೇ ಪದ್ಯವನ್ನು ಸೇರಿಸುತ್ತಾನೆ. ನಮ್ಮ ಮನೆಯ ಟಿ.ವಿ. ಇಂಥ ಅರೆ ಪಂಡಿತ ಲಿಪಿಕಾರ. ಚಿತ್ರವನ್ನು ತೆಗೆದವರು ಕಳಿಸಿದ ಪಾಠ ಒಂದು. ಅದು ನಮ್ಮ ಮುಂದೆ ಓದುವ ಪಾಠ ಇನ್ನೊಂದು. ಶುದ್ಧಪಾಠವನ್ನು ಹುಡುಕಿ ತೆಗೆಯುವುದೇ ಈ ಹದಗೊಳಿಸುವ ಕೆಲಸ.

ಪೆಟ್ಟಿಗೆ ಹೀಗೇಕೆ ಮಾಡುತ್ತದೆ ಎಂಬುದಕ್ಕೆ ಕಾರಣ ಸರಳವಾಗಿದೆ. ಅದು ಮಾರಾಟವಾಗಬೇಕಾದ ಸ್ಥಳ ಅಂಗಡಿ. ಅಲ್ಲಿ ಕಣ್ಣು ಕುಕ್ಕುವ ದೀಪಗಳು. ಒಂದರ ಪಕ್ಕದಲ್ಲಿ ಒಂದರಂತೆ ಸಾಲಾಗಿ ನಿಂತ ಹತ್ತಾರು ಪೆಟ್ಟಿಗೆಗಳು. ಸಂತೆಯಲ್ಲಿ ಗಟ್ಟಿಯಾಗಿ ಕೂಗಿದವನ ಸರಕೇ ಮೊದಲು ಹೋಗುವಂತೆ, ಅಲ್ಲಿ ಹೆಚ್ಚು ಹೊಳೆದದ್ದೇ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಪ್ರತಿಯೊಂದೂ ಕೂಗುತ್ತದೆ: ಬಿಳಿಯನ್ನು ನೀಲಿಯತ್ತ ತಿರುಗಿಸುತ್ತದೆ, ಹಸುರನ್ನು ಉರಿಸುತ್ತದೆ, ಅಂಚುಗಳಿಗೆಲ್ಲ ಗೆರೆ ಎಳೆಯುತ್ತದೆ. ವಿವಿಡ್, ಡೈನಮಿಕ್ ಎಂಬ ಹೆಸರಿನ ಚಿತ್ರವಿಧಗಳು ಈ ಕೂಗಿನ ರೂಪಗಳು. ಸಂತೆಯಲ್ಲಿ ಕೂಗಿದವನನ್ನು ಮನೆಗೆ ಕರೆತಂದು ನಡುಮನೆಯಲ್ಲಿ ಕೂರಿಸಿದ ಮೇಲೂ ಅವನು ಹಾಗೆಯೇ ಕೂಗುತ್ತಿದ್ದರೆ ಹೇಗಿರುತ್ತದೆ? ನಮ್ಮಲ್ಲಿ ಅನೇಕರ ಮನೆಯಲ್ಲಿ ನಡೆಯುತ್ತಿರುವುದು ಇದೇ.

ನಾನಿರುವುದು ಬನ್ನಿಮಂಟಪದಲ್ಲಿ. ವಿಜಯದಶಮಿಯ ದಿನ ಅಂಬಾರಿಯ ಮೆರವಣಿಗೆ ಅರಮನೆಯಿಂದ ಸುಮಾರು ಐದು ಕಿಲೋಮೀಟರು ನಡೆದು ನಮ್ಮ ಬಡಾವಣೆಗೇ ಬಂದು ಮುಗಿಯುತ್ತದೆ. ಅಂದು ರಾತ್ರಿ ಮೈದಾನದಲ್ಲಿ ಪಂಜಿನ ಕವಾಯತು. ಇದನ್ನು ಬೇರೆ ಊರಿನವರು ಚಂದನವಾಹಿನಿಯಲ್ಲಿ ನೋಡುತ್ತಾರೆ. ಮೈದಾನದ ಮಗ್ಗುಲಲ್ಲೇ ಇರುವ ನಮ್ಮಲ್ಲೂ ಜನಸಂದಣಿಗೆ ಹೆದರಿ ಮನೆಯಲ್ಲೇ ಕುಳಿತು ನೋಡುವ ವೃದ್ಧರಿದ್ದಾರೆ. ಪೆಟ್ಟಿಗೆಯ ಸತ್ಯಾಸತ್ಯವನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ಒಂದೇ ಚೌಕಟ್ಟಿನೊಳಗೆ ಶರತ್ಕಾಲದ ಕರಿಯ ಆಕಾಶ, ಉರಿಯುವ ಪಂಜು, ಬಿಳಿಯ ಉಡುಪು, ಕುದುರೆಯ ಕಂದು ಮೈ, ಬೆವರಿದ ಮನುಷ್ಯ ಮುಖ — ಐದೂ ಇರುತ್ತವೆ. ಕೂಗುವ ಪೆಟ್ಟಿಗೆಯಲ್ಲಿ ಆಕಾಶ ಬೂದಿಯಾಗುತ್ತದೆ, ಅಥವಾ ಮಸಿ ಬಳಿದಂತೆ ಕಪ್ಪಾಗಿ ಅದರೊಳಗೆ ನಿಂತವರೆಲ್ಲ ಮುಳುಗಿಹೋಗುತ್ತಾರೆ. ಪಂಜಿನ ಜ್ವಾಲೆಗೆ ನಾಲಿಗೆಯಿರುವುದಿಲ್ಲ. ಸುಣ್ಣದ ಉಂಡೆಯಂತೆ ಬರಿಯ ಬಿಳಿಯ ಮುದ್ದೆ. ಬೆಂಕಿಯಿಂದ ಬೆಂಕಿಯ ಬಣ್ಣವನ್ನೇ ಕಸಿದರೆ ಉಳಿಯುವುದೇನು?

ಈಗ ಕ್ರಮವಾಗಿ ಕೆಲಸಕ್ಕೆ ತೊಡಗೋಣ. ಖರ್ಚಿಲ್ಲ, ಅರ್ಧ ಗಂಟೆಯ ಸಹನೆ ಸಾಕು.

ಮೊದಲು ಕೋಣೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಎಸ್. ಎಲ್. ಹಳದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೋಡಿದವರಿಗೆ ನೆನಪಿರಬಹುದು: ಅದನ್ನು ಕತ್ತಲು ಮಾಡಿದ ಎಡೆಯಲ್ಲಿ ಇರಿಸಿದ್ದರು. ಕೈಯಲ್ಲಿನ ದೀಪದ ಬೆಳಕು ಬೆರಳ ಸಂದಿಯಿಂದ ಸೋಸಿ ಮುಖಕ್ಕೆ ಬೀಳುವ ಆ ಸೊಗಸು ಹಗಲಿನ ಬಿಸಿಲಿನಲ್ಲಿ ಇಟ್ಟಿದ್ದರೆ ಕಾಣುತ್ತಿರಲಿಲ್ಲ. ಬಣ್ಣ ಕಾಗದದ ಮೇಲಿದ್ದರೂ ಅದು ಅರಳುವುದು ಸುತ್ತಲಿನ ಬೆಳಕಿಗೆ ತಕ್ಕಂತೆ. ಟಿ.ವಿ.ಯ ಎದುರಿಗೆ ಕಿಟಕಿಯಿದ್ದರೆ ಪರದೆ ಎಳೆಯಿರಿ. ಎದುರಿನ ದೀಪ ಗಾಜಿನಲ್ಲಿ ಪ್ರತಿಬಿಂಬಿಸುವಂತಿದ್ದರೆ ಅದನ್ನು ಆರಿಸಿರಿ. ಪೂರ್ತಿ ಕತ್ತಲೆಯೂ ಬೇಡ, ಕಣ್ಣಿಗೆ ದಣಿವು. ಪೆಟ್ಟಿಗೆಯ ಹಿಂದೆ ಮಂದವಾದ ಒಂದು ಬಿಳಿಯ ದೀಪವಿದ್ದರೆ ಹಿತ. ಕೂರುವ ದೂರವೂ ಮುಖ್ಯ. ಕರ್ಣದ ಅಳತೆಯ ಸುಮಾರು ಒಂದೂವರೆಯಿಂದ ಎರಡರಷ್ಟು ದೂರ ಎಂಬುದು ಸುಲಭವಾದ ಲೆಕ್ಕ. 43 ಅಂಗುಲದ ಪೆಟ್ಟಿಗೆಗೆ ಐದೂವರೆಯಿಂದ ಏಳು ಅಡಿ, 55 ಅಂಗುಲದ್ದಕ್ಕೆ ಏಳರಿಂದ ಒಂಬತ್ತು ಅಡಿ. ಪರದೆಯ ನಡುಭಾಗ ಕುಳಿತವರ ಕಣ್ಣಿನ ಮಟ್ಟಕ್ಕೆ ಹತ್ತಿರವಿರಲಿ; ದೇವರ ಪಟದಂತೆ ಮೇಲೆ ತೂಗುಹಾಕಿದರೆ ಕತ್ತು ನೋಯುತ್ತದೆ.

ಎರಡನೆಯದು ಚಿತ್ರವಿಧ. ಸೆಟ್ಟಿಂಗ್ಸ್ ಎಂಬ ಪಟ್ಟಿಯಲ್ಲಿ ಪಿಕ್ಚರ್ ಮೋಡ್ ಎಂದಿರುತ್ತದೆ. ಅಲ್ಲಿ ಸಿನಿಮಾ, ಮೂವಿ, ಫಿಲ್ಮ್‌ಮೇಕರ್ ಎಂಬ ಹೆಸರುಗಳಲ್ಲಿ ಯಾವುದಿದೆಯೋ ಅದನ್ನು ಆರಿಸಿರಿ. ಕೊನೆಯ ಹೆಸರಿಗೊಂದು ಚರಿತ್ರೆಯಿದೆ. ತಮ್ಮ ಚಿತ್ರಗಳನ್ನು ಮನೆಯ ಪೆಟ್ಟಿಗೆಗಳು ಕೆಡಿಸುತ್ತಿವೆಯೆಂದು ಹಲವು ನಿರ್ದೇಶಕರು ಆಕ್ಷೇಪಿಸಿದ ಮೇಲೆ, 2019 ರಲ್ಲಿ ತಯಾರಕರ ಒಕ್ಕೂಟವೊಂದು, ಪೆಟ್ಟಿಗೆ ತನ್ನ ಪಾಂಡಿತ್ಯವನ್ನೆಲ್ಲ ಬದಿಗಿಟ್ಟು ಚಿತ್ರವನ್ನು ಇದ್ದಂತೆ ತೋರಿಸುವ ಈ ವಿಧವನ್ನು ಪ್ರಕಟಿಸಿತು. ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ಈ ಒಂದು ಆಯ್ಕೆಯಿಂದಲೇ ಆಗುತ್ತದೆ. ಮುಂದೆ ಹೇಳುವುದೆಲ್ಲ ಉಳಿದ ಕಾಲು ಪಾಲು.

ಮೂರನೆಯದು ಆಕಾರ. 1954 ರ “ಬೇಡರ ಕಣ್ಣಪ್ಪ”ದ ಕಾಲದ ಚಿತ್ರಗಳ ಚೌಕಟ್ಟು ನಾಲ್ಕಕ್ಕೆ ಮೂರರ ಆಸುಪಾಸಿನದು. ಈಗಿನ ಪರದೆ ಹದಿನಾರಕ್ಕೆ ಒಂಬತ್ತು. ಎರಡು ಬದಿಗೆ ಕರಿಯ ಪಟ್ಟಿ ಬರುವುದು ಸಹಜ. ಅದನ್ನು ನಷ್ಟವೆಂದು ತಿಳಿದು ಚಿತ್ರವನ್ನು ಹಿಗ್ಗಿಸಿದರೆ ರಾಜಕುಮಾರರ ಮುಖ ಕುಂಬಳಕಾಯಿಯಾಗುತ್ತದೆ. ಸಿನಿಮಾಸ್ಕೋಪ್ ಚಿತ್ರಗಳಲ್ಲಿ ಪಟ್ಟಿ ಮೇಲೆ ಕೆಳಗೆ ಬರುತ್ತದೆ. ಅಲ್ಲಿ ಜೂಮ್ ಒತ್ತಿದರೆ ಬದಿಯಲ್ಲಿ ನಿಂತ ಪಾತ್ರವೇ ಪರದೆಯಿಂದಾಚೆಗೆ ಹೋಗುತ್ತದೆ. ಓಲೆಗರಿಯ ಅಂಚು ಖಾಲಿಯಿದೆಯೆಂದು ಅಕ್ಷರಗಳನ್ನು ಎಳೆದು ಬರೆಯುವವರುಂಟೇ?

ನಾಲ್ಕನೆಯದು ಕಪ್ಪು ಬಿಳುಪುಗಳ ಮೇರೆ. ಇಲ್ಲಿ ಹೆಸರುಗಳು ದಾರಿತಪ್ಪಿಸುತ್ತವೆ. ಬ್ರೈಟ್‌ನೆಸ್ ಎಂಬ ಗುಂಡಿ ಬಹುಪಾಲು ಪೆಟ್ಟಿಗೆಗಳಲ್ಲಿ ಬೆಳಕನ್ನು ಹೆಚ್ಚಿಸುವುದಲ್ಲ. ಕಪ್ಪು ಎಲ್ಲಿಂದ ಆರಂಭವಾಗಬೇಕೆಂಬುದನ್ನು ಗೊತ್ತುಮಾಡುವುದು. ಕೆಲವರು ಅದನ್ನೇ ಬ್ಲ್ಯಾಕ್ ಲೆವೆಲ್ ಎಂದು ಕರೆದು, ಬ್ರೈಟ್‌ನೆಸ್ ಎಂಬ ಹೆಸರನ್ನು ಹಿಂಬೆಳಕಿಗೆ ಕೊಟ್ಟಿದ್ದಾರೆ. ತಿರುಗಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ರಾತ್ರಿಯ ದೃಶ್ಯವೊಂದನ್ನು ನಿಲ್ಲಿಸಿ, ಕರಿಯ ಕೋಟು ತೊಟ್ಟವರನ್ನೋ ಹೆರಳು ಹಾಕಿದ ಕೂದಲನ್ನೋ ನೋಡಿರಿ. ಅದನ್ನು ಇಳಿಸುತ್ತ ಹೋದರೆ ಕೋಟಿನ ಮಡಿಕೆಗಳು ಕಪ್ಪಿನಲ್ಲಿ ಕರಗುವ ಗಳಿಗೆ ಬರುತ್ತದೆ. ಅಲ್ಲಿಂದ ಒಂದೆರಡು ಮೆಟ್ಟಿಲು ಮೇಲೆ ತಂದರೆ ಅದೇ ಹದ. ಕಾಂಟ್ರಾಸ್ಟ್ ಬಿಳಿಯ ಕೊನೆಯನ್ನು ಗೊತ್ತುಮಾಡುತ್ತದೆ. ಬಿಳಿಯ ಪಂಚೆಯ ನೆರಿಗೆ, ಮುಡಿದ ಮಲ್ಲಿಗೆಯ ಎಸಳು ಎಸಳಾಗಿ ಕಾಣುವವರೆಗೆ ಅದನ್ನು ತಗ್ಗಿಸಿರಿ. ಒಟ್ಟು ಪ್ರಕಾಶ ಕೋಣೆಗೆ ಹೆಚ್ಚೋ ಕಡಿಮೆಯೋ ಆದರೆ ಹಿಂಬೆಳಕನ್ನು ಮಾತ್ರ ಮುಟ್ಟಬೇಕು. ಸಾಲದ್ದಕ್ಕೆ ಹಿಂಬೆಳಕು ತಗ್ಗಿದರೆ ವಿದ್ಯುತ್ತಿನ ಖರ್ಚೂ ತಗ್ಗುತ್ತದೆ.

ಐದನೆಯದು ಬಣ್ಣ. ಈ ಅಂಶದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಏಕೆಂದರೆ ಇದು ಬರಿಯ ಅಂದದ ಮಾತಲ್ಲ.

ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಕಾವು ಹೆಚ್ಚಿದಷ್ಟೂ ಬೆಳಕು ನೀಲಿಯತ್ತ ಸರಿಯುತ್ತದೆ. ಆದ್ದರಿಂದ ವಿಜ್ಞಾನಿಗಳು ಬಿಳಿಯ ಬಣ್ಣವನ್ನೂ ಉಷ್ಣತೆಯ ಅಳತೆಯಾದ ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಹಳೆಯ ತಂತಿಯ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ದೂರದರ್ಶನದ ಚಿತ್ರಗಳನ್ನು ಸಿದ್ಧಪಡಿಸುವ ಕೋಣೆಗಳಲ್ಲಿ ಲೋಕವೆಲ್ಲ ಒಪ್ಪಿದ ಬಿಳಿ ಸುಮಾರು 6500 ಕೆಲ್ವಿನ್. ಹಗಲಿನ ಬೆಳಕಿಗೆ ಹತ್ತಿರವಾದದ್ದು. ಅಂಗಡಿಯ ವಿಧದಲ್ಲಿ ಪೆಟ್ಟಿಗೆ ಇದನ್ನು 9000 ಕೆಲ್ವಿನ್ನಿಗೂ ಮೇಲಕ್ಕೆ ಒಯ್ಯುವುದುಂಟು. ಬಟ್ಟೆಗೆ ನೀಲಿ ಹಾಕಿದರೆ ಹೆಚ್ಚು ಬೆಳ್ಳಗೆ ತೋರುವಂತೆ ಇದೂ ಕಣ್ಣಿಗೆ ಹೊಳಪೆನಿಸುತ್ತದೆ. ಆದರೆ ನೀಲಿ ಬೀಳುವುದು ಬಟ್ಟೆಗೆ ಮಾತ್ರವಲ್ಲ, ಮುಖಕ್ಕೂ. ನಮ್ಮ ಜನರ ಮೈಬಣ್ಣಕ್ಕೆ ಕನ್ನಡದಲ್ಲಿ ಎಷ್ಟು ಹೆಸರುಗಳಿವೆ! ಗೋಧಿಬಣ್ಣ, ಎಣ್ಣೆಗೆಂಪು, ಎಣ್ಣೆಗಪ್ಪು, ಸಾದಗಪ್ಪು. ಇವುಗಳೊಳಗಿನ ಕೆಂಪು ಹಳದಿಗಳನ್ನು ಅಡಗಿಸಿ, ಎಲ್ಲವನ್ನೂ ಒಂದೇ ಬಗೆಯ ನಿಸ್ತೇಜವಾದ ಬೆಳ್ಳನೆಯ ಕಡೆಗೆ ದೂಡುವ ಯಂತ್ರ ನಮ್ಮ ನಡುಮನೆಯಲ್ಲಿದೆ.

ಇಂಥದು ಇದೇ ಮೊದಲಲ್ಲ. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಕೊಡಕ್ ಸಂಸ್ಥೆ ಬಣ್ಣದ ಛಾಯಾಚಿತ್ರಗಳನ್ನು ಮುದ್ರಿಸುವ ಕೇಂದ್ರಗಳಿಗೆ ಒಂದು ಮಾದರಿ ಪಟವನ್ನು ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಮೈಬಣ್ಣದ ಹೆಂಗಸು. ಷರ್ಲಿ ಕಾರ್ಡ್ ಎಂದು ಅದಕ್ಕೆ ಹೆಸರಾಯಿತು. ಅವಳ ಮುಖ ಸರಿಯಾಗಿ ಬಂದರೆ ಬಣ್ಣ ಸರಿಯಾಯಿತೆಂದು ಲೆಕ್ಕ. ಕಪ್ಪು ಮೈಯವರ ಮುಖ ಆ ಲೆಕ್ಕದಲ್ಲಿ ಕಣ್ಣು ಹಲ್ಲುಗಳಷ್ಟೇ ತೋರುವ ಮಸಿಯಾದರೂ ಬಹುಕಾಲ ಯಾರೂ ಕೇಳಲಿಲ್ಲ. ಅಳತೆಗೋಲು ಯಾರ ಮನೆಯದು ಎಂಬುದರ ಮೇಲೆ ಯಾರು ಸರಿಯಾಗಿ ಕಾಣುತ್ತಾರೆ ಎಂಬುದು ನಿಲ್ಲುತ್ತದೆ. 6500 ಕೆಲ್ವಿನ್ ಎಂಬ ಮೇರೆ ಯಾರ ಮೈಯನ್ನೂ ಮಾದರಿಯಾಗಿಟ್ಟುಕೊಂಡದ್ದಲ್ಲ, ಹಗಲನ್ನು ಮಾದರಿಯಾಗಿಟ್ಟುಕೊಂಡದ್ದು. ಹಗಲು ಎಲ್ಲರಿಗೂ ಸಮ.

ನಮ್ಮ ಬೀದಿಯಲ್ಲಿ ಒಬ್ಬ ವಿಧವೆಯಿದ್ದಾರೆ. ಮಗ ಹೊಸದಾಗಿ ದೊಡ್ಡ ಟಿ.ವಿ. ತಂದುಕೊಟ್ಟಿದ್ದ. ಅವರ ಹಿರಿಯ ಮಗಳ ಮದುವೆಯ ವೀಡಿಯೋ ಕ್ಯಾಸೆಟ್ಟನ್ನು ಯಾರಿಂದಲೋ ಹೊಸ ರೂಪಕ್ಕೆ ಇಳಿಸಿಯೂ ಕೊಟ್ಟಿದ್ದ. ತೀರಿಕೊಂಡ ಪತಿ ನಡೆದಾಡುವುದು, ನಗುವುದು ಉಳಿದಿರುವುದು ಆ ಒಂದರಲ್ಲಿಯೇ. ಆಕೆ ನನ್ನನ್ನು ಕರೆದು, “ಮೇಷ್ಟ್ರೇ, ಇದರಲ್ಲಿ ನಮ್ಮ ಯಜಮಾನರು ಯಾರೋ ಬೇರೆಯವರ ಹಾಗೆ ಕಾಣ್ತಾರೆ. ಕ್ಯಾಸೆಟ್ಟೇ ಹಾಳಾಗಿದೆಯೋ ಏನೋ, ಸ್ವಲ್ಪ ನೋಡಿ” ಎಂದರು. ಕ್ಯಾಸೆಟ್ಟು ಹಾಳಾಗಿರಲಿಲ್ಲ. ಆ ಮನುಷ್ಯ ತೆಳ್ಳಗಿನವರು, ಎಣ್ಣೆಗಪ್ಪು ಮೈಬಣ್ಣದವರು. ಪರದೆಯ ಮೇಲೆ ಅಗಲ ಮುಖದ, ಬೂದಿ ಬಣ್ಣದ ಒಬ್ಬರು ಧಾರೆ ಎರೆಯುತ್ತಿದ್ದರು. ಆಕಾರವನ್ನು ನಾಲ್ಕಕ್ಕೆ ಮೂರು ಮಾಡಿ, ಚಿತ್ರವಿಧವನ್ನು ಸಿನಿಮಾ ಮಾಡಿ, ಬಣ್ಣದ ಕಾವನ್ನು ವಾರ್ಮ್ ಎಂಬಲ್ಲಿಗೆ ತಂದೆ. ಆಕೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಹೂಂ, ಇವರೇ” ಎಂದರು. ಅನಂತರ ಕಾಫಿ ಮಾಡಲು ಒಳಗೆ ಹೋದವರು ಬರುವುದು ಸ್ವಲ್ಪ ತಡವಾಯಿತು. ಗುಂಡಿ ತಿರುಗಿಸುವ ಈ ಕ್ಷುಲ್ಲಕ ವಿದ್ಯೆಯ ಬಗ್ಗೆ ಬಾನುಲಿಯಲ್ಲಿ ಮಾತನಾಡುವಷ್ಟು ಮಹತ್ತ್ವವಿದೆಯೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ.

ಆದ್ದರಿಂದ ಕಲರ್ ಟೆಂಪರೇಚರ್ ಎಂಬಲ್ಲಿ ಕೂಲ್ ಇದ್ದರೆ ವಾರ್ಮ್ ಮಾಡಿರಿ. ಮೊದಲ ದಿನ ಎಲ್ಲವೂ ಹಳೆಯ ಪತ್ರಿಕೆಯಂತೆ ಹಳದಿಯಾಗಿ ತೋರುವುದು ಖಂಡಿತ. ತಪ್ಪು ಚಿತ್ರದ್ದಲ್ಲ, ನೀಲಿಗೆ ಒಗ್ಗಿದ ಕಣ್ಣಿನದು. ಸಕ್ಕರೆ ಬಿಟ್ಟವನಿಗೆ ಮೊದಮೊದಲು ಕಾಫಿ ಬರಿಯ ಕಹಿ. ಒಂದು ವಾರ ಕಳೆದರೆ ಕಾಫಿಯ ರುಚಿ ತಿಳಿಯುತ್ತದೆ. ಒಂದು ವಾರ ತಾಳಿರಿ. ಮತ್ತೆ ಕೂಲ್ ಮಾಡಿ ನೋಡಿದರೆ ನಿಮಗೇ ಬೇಡವೆನಿಸುವುದು. ಕಲರ್ ಎಂಬ ಗುಂಡಿ ಬಣ್ಣದ ಗಾಢತೆಯದು. ಮುಖ ಬಿಸಿಲಿಗೆ ಸುಟ್ಟಂತೆ ಕೆಂಪಾಗದಿರುವಷ್ಟು, ಬನ್ನಿಯ ಎಲೆ ಗಿಳಿಹಸುರಾಗಿ ಉರಿಯದಿರುವಷ್ಟು ಇದ್ದರೆ ಸಾಕು. ಬನ್ನಿಯನ್ನು ಬಂಗಾರವೆಂದು ಕೊಟ್ಟು ತೆಗೆದುಕೊಳ್ಳುವ ನಮಗೆ ಆ ಎಲೆಯ ಮಾಸಲು ಹಸುರಿನ ಗುರುತು ಚೆನ್ನಾಗಿಯೇ ಇದೆ. ಟಿಂಟ್ ಎಂಬುದು ನಡುವಿನಲ್ಲಿರಲಿ, ಮುಟ್ಟಬೇಡಿ.

ಆರನೆಯದು ಶಾರ್ಪ್‌ನೆಸ್. ಹೆಸರು ಕೇಳಿ ಹೆಚ್ಚಿಸಿದಷ್ಟೂ ಒಳ್ಳೆಯದೆನಿಸುತ್ತದೆ. ಅದು ಚಿತ್ರದಲ್ಲಿಲ್ಲದ ವಿವರವನ್ನು ತರಲಾರದು. ಇದ್ದ ಅಂಚುಗಳಿಗೆ ಗೆರೆ ಎಳೆದು ತಿದ್ದಿದಂತೆ ತೋರಿಸುತ್ತದೆ. ಅಕ್ಷರಗಳ ಸುತ್ತ ಬಿಳಿಯ ಅಂಚು ಕಾಣುತ್ತಿದ್ದರೆ, ಆ ಅಂಚು ಹೋಗುವವರೆಗೆ ತಗ್ಗಿಸಿರಿ.

ಏಳನೆಯದಕ್ಕೆ ಬಂದಾಗ ನನ್ನ ಲಿಪಿಕಾರನ ಹೋಲಿಕೆ ಅಕ್ಷರಶಃ ನಿಜವಾಗುತ್ತದೆ. ಸಿನಿಮಾ ಎಂದರೆ ಸೆಕೆಂಡಿಗೆ 24 ಸ್ಥಿರಚಿತ್ರಗಳು. ಈಗಿನ ಪೆಟ್ಟಿಗೆಗಳು ಎರಡು ಚಿತ್ರಗಳನ್ನು ಹೋಲಿಸಿ, ಅವುಗಳ ನಡುವೆ ಏನಿದ್ದಿರಬಹುದೆಂದು ಊಹಿಸಿ, ಯಾರೂ ತೆಗೆಯದ ಚಿತ್ರಗಳನ್ನು ತಾವೇ ಹುಟ್ಟಿಸಿ ಸೇರಿಸುತ್ತವೆ. ಕಾವ್ಯದಲ್ಲಿ ಅನ್ಯರು ತುರುಕಿದ ಪದ್ಯಗಳನ್ನು ನಾವು ಪ್ರಕ್ಷಿಪ್ತವೆಂದು ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಅದಕ್ಕೂ ಇದಕ್ಕೂ ಒಂದೇ ಹೆಸರು, ಇಂಟರ್‌ಪೊಲೇಷನ್. ಫಲವಾಗಿ ಚಲನೆ ಎಣ್ಣೆ ಹಚ್ಚಿದಂತೆ ಜಾರುತ್ತದೆ. ಹಳೆಯ ಸಿನಿಮಾ ದಿನದಿನದ ಧಾರಾವಾಹಿಯಂತೆ ಕಾಣುತ್ತದೆ. ನಮ್ಮ ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959 ರಲ್ಲಿ ಗುರುದತ್ತರ “ಕಾಗಜ್ ಕೆ ಫೂಲ್”ಗಾಗಿ ದೊಡ್ಡ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದ ಕತ್ತಲೊಳಕ್ಕೆ ತಿರುಗಿಸಿ ಒಂದು ಬೆಳಕಿನ ಕೋಲನ್ನು ನಿಲ್ಲಿಸಿದರು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. 2008 ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರೇ ಆದರು. ಆ ಬೆಳಕಿನ ಕೋಲು ಮೆಲ್ಲಮೆಲ್ಲನೆ ಕತ್ತಲಾಗುತ್ತ ಹೋಗುವ ಅಂಚಿನಲ್ಲಿಯೇ ಅವರ ಕಲೆಯಿರುವುದು. ಕಪ್ಪು ಬಿಳುಪಿಗೆ ನೀಲಿ ಬಳಿದು, ಧೂಳಿನ ಕಣಗಳನ್ನು ಗದ್ದಲವೆಂದು ಅಳಿಸಿ, ಚಲನೆಗೆ ಪ್ರಕ್ಷೇಪ ಸೇರಿಸುವ ಪೆಟ್ಟಿಗೆ ಅದನ್ನು ಟಾರ್ಚಿನ ಬೆಳಕನ್ನಾಗಿ ಮಾಡಬಲ್ಲದು. ಮೋಷನ್ ಎಂಬ ಪದವಿರುವ ಸೌಲಭ್ಯವನ್ನೂ ನಾಯ್ಸ್ ರಿಡಕ್ಷನ್ ಎಂಬುದನ್ನೂ ಸಿನಿಮಾ ನೋಡುವಾಗ ನಿಲ್ಲಿಸಿರಿ. ಕ್ರಿಕೆಟ್ಟಿಗೆ ಬೇಕೆನಿಸಿದರೆ ಇಟ್ಟುಕೊಳ್ಳಿರಿ, ಚೆಂಡಿಗೆ ಕವಿಯಿಲ್ಲ.

ಒಂದು ಎಚ್ಚರಿಕೆ. ಈ ಬದಲಾವಣೆಗಳನ್ನು ಅನೇಕ ಪೆಟ್ಟಿಗೆಗಳು ಒಂದೊಂದು ದ್ವಾರಕ್ಕೆ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತವೆ. ಕೇಬಲ್ಲಿಗೆ ಮಾಡಿದ್ದು ಡಿಸ್ಕಿಗೆ ಅನ್ವಯಿಸದಿರಬಹುದು, ಎಚ್.ಡಿ.ಆರ್. ಎಂಬ ಹೆಚ್ಚು ಪ್ರಕಾಶವಿಸ್ತಾರದ ಚಿತ್ರಗಳಿಗೆ ಬೇರೆಯೇ ಪಟ್ಟಿ ತೆರೆಯುತ್ತದೆ. ಒಮ್ಮೆ ಎಲ್ಲವನ್ನೂ ನೋಡಿಬಿಡಿ. ಇನ್ನೊಂದು, ಪಕ್ಕದ ಮನೆಯವರ ಅಂಕಿಗಳನ್ನು ಹಾಗೆಯೇ ನಕಲು ಮಾಡಬೇಡಿ. ಒಂದೇ ಮಾದರಿಯ ಎರಡು ಪೆಟ್ಟಿಗೆಗಳೂ ಅವಳಿಗಳಲ್ಲ, ನಿಮ್ಮ ಕೋಣೆ ಅವರ ಕೋಣೆಯಲ್ಲ. ಬಣ್ಣವನ್ನು ಅಳೆಯುವ ಉಪಕರಣ ತಂದು ಕೂಲಂಕಷವಾಗಿ ಸರಿಪಡಿಸುವ ವೃತ್ತಿಯವರೂ ಇದ್ದಾರೆ. ಮನೆಯಲ್ಲೇ ಚಿತ್ರಮಂದಿರ ಕಟ್ಟುವವರಿಗೆ ಅದು ಯೋಗ್ಯ. ನಮ್ಮಂಥವರಿಗೆ ಕಣ್ಣೂ ಸಹನೆಯೂ ಸಾಕು.

ಇನ್ನು ಧ್ವನಿ. “ಪಾತ್ರಗಳು ಏನು ಹೇಳುತ್ತವೆಯೋ ತಿಳಿಯುವುದಿಲ್ಲ; ಹಿನ್ನೆಲೆಯ ಸಂಗೀತ ಮಾತ್ರ ಗೋಡೆ ನಡುಗಿಸುತ್ತದೆ” ಎಂಬ ದೂರು ಮನೆಮನೆಯದು. ಪೆಟ್ಟಿಗೆ ತೆಳ್ಳಗಾದಂತೆ ಅದರ ಧ್ವನಿವರ್ಧಕಗಳು ಬೆರಳಷ್ಟಾಗಿ, ಕೆಳಮುಖವಾಗಿ ಅಥವಾ ಗೋಡೆಯ ಕಡೆಗೆ ತಿರುಗಿವೆ. ನಟನು ಪ್ರೇಕ್ಷಕರಿಗೆ ಬೆನ್ನು ಮಾಡಿ ಮಾತನಾಡಿದ ಹಾಗೆ. ಸಿನಿಮಾದಲ್ಲಿ ಸಂಭಾಷಣೆಯನ್ನು ಬಹುಮಟ್ಟಿಗೆ ನಡುವಿನ ಧ್ವನಿವರ್ಧಕಕ್ಕೆಂದೇ ಇಟ್ಟಿರುತ್ತಾರೆ. ಮನೆಯಲ್ಲಿ ಅದಿಲ್ಲದಿದ್ದರೆ ಐದೂ ಕಡೆಯ ಧ್ವನಿ ಎರಡಕ್ಕೆ ತುರುಕಿ ಮಾತು ಮುಳುಗುತ್ತದೆ. ಬರಿಯ ಟಿ.ವಿ. ಇರುವವರು ಧ್ವನಿಯ ಪಟ್ಟಿಯಲ್ಲಿ ಸ್ಟೀರಿಯೋ ಆರಿಸಿ, ಮಾತನ್ನು ಸ್ಪಷ್ಟಗೊಳಿಸುವ ಸೌಲಭ್ಯವಿದ್ದರೆ ಅದನ್ನು ಹಾಕಿರಿ.

ಹೋಮ್ ಥಿಯೇಟರ್ ಇಟ್ಟವರು ಮುಂದಿನ ಮೂರು ಧ್ವನಿವರ್ಧಕಗಳನ್ನು ಕಿವಿಯ ಮಟ್ಟಕ್ಕೆ ತರಬೇಕು. ಎಡ, ಬಲ ಮತ್ತು ನೀವು ಕೂರುವ ಜಾಗ, ಈ ಮೂರೂ ಸಮಬಾಹು ತ್ರಿಕೋನವಾಗಬೇಕು. ಹಿಂದಿನ ಎರಡು ನಿಮ್ಮ ಬದಿಯಿಂದ ತುಸು ಹಿಂದೆ ಇರಲಿ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರು ಹೋಗುತ್ತದೆ. ಹತ್ತಿರದ್ದು ಮೊದಲು, ದೂರದ್ದು ಆಮೇಲೆ ಕಿವಿಗೆ ಬೀಳುತ್ತದೆ. ಟೇಪಿನಿಂದ ಅಳೆದು ಒಂದೊಂದರ ದೂರವನ್ನು ಯಂತ್ರಕ್ಕೆ ತಿಳಿಸಿದರೆ ಹತ್ತಿರದ್ದನ್ನು ಅದು ತಡೆದು, ಎಲ್ಲವೂ ಒಟ್ಟಿಗೆ ಬರುವಂತೆ ಮಾಡುತ್ತದೆ. ಯಂತ್ರದಲ್ಲಿರುವ ಪರೀಕ್ಷೆಯ ಸದ್ದನ್ನು ಒಂದೊಂದರಿಂದಲೂ ಹೊರಡಿಸಿ, ಕೂರುವ ಜಾಗದಲ್ಲಿ ಎಲ್ಲವೂ ಒಂದೇ ಮಟ್ಟದಲ್ಲಿ ಕೇಳುವಂತೆ ಮಾಡಿಕೊಳ್ಳಿ. ಗುಡುಗಿನ ಸದ್ದಿನ ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಅದು ಮೊಳಗುತ್ತದೆ; ಪಕ್ಕದ ಮನೆಯ ಗೋಡೆ ನಮ್ಮದೇ ಗೋಡೆಯಾಗಿರುವ ಬೀದಿಗಳಲ್ಲಿ ಇದು ನೆರೆಹೊರೆಯ ನ್ಯಾಯಕ್ಕೂ ಸಂಬಂಧಿಸಿದ ವಿಷಯ. ಬರಿಯ ಗೋಡೆ, ಬರಿಯ ನೆಲವಿರುವ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಸದ್ದು ಝಣಝಣಿಸಿದರೆ ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ಪುಸ್ತಕಗಳ ಬೀರು ಬೇಕು. ಪುಸ್ತಕ ಕೊಳ್ಳಲು ಇದೂ ಒಂದು ನೆವವಾದರೆ ನನಗೆ ಸಂತೋಷವೇ.

ಆದರೆ ಎಲ್ಲ ದೋಷವನ್ನೂ ಯಂತ್ರದ ಮೇಲೆ ಹೊರಿಸಬಾರದು. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಎತ್ತರದ ಸ್ಥಾಯಿಯ ಸೂಕ್ಷ್ಮ ಧ್ವನಿಗಳನ್ನು. ಸ್ವರ ಕೇಳುತ್ತದೆ, ವ್ಯಂಜನ ಜಾರುತ್ತದೆ. ಸಾಲು, ಕಾಲು, ಪಾಲು ಮೂರೂ ಒಂದೇ ಆಗುತ್ತವೆ. ಮನೆಯ ಕಿರಿಯರು “ಇಷ್ಟು ಜೋರಾಗಿ ಯಾಕೆ ಇಟ್ಟಿದ್ದೀರಿ?” ಎಂದು ಮತ್ತೆಮತ್ತೆ ಕೇಳುತ್ತಿದ್ದರೆ ಸಿಟ್ಟಾಗಬೇಡಿ, ಕಿವಿಯನ್ನೊಮ್ಮೆ ಪರೀಕ್ಷೆ ಮಾಡಿಸಿರಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇರುವಾಗ ಹಿಂಜರಿಕೆ ಏಕೆ? ಕಣ್ಣಿಗೆ ಪೊರೆ ಬಂದವರಿಗೂ ಇದೇ ಮಾತು. ಪೊರೆ ಹಳದಿಯ ಗಾಜಿನಂತೆ ನೀಲಿಯನ್ನು ತಡೆಯುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ಟಿ.ವಿ.ಯನ್ನು ಹೊಸದಾಗಿ ನೋಡಬೇಕಾಗುತ್ತದೆ.

“ನನಗೆ ಹೊಳಪೇ ಇಷ್ಟ, ನನ್ನ ಪೆಟ್ಟಿಗೆ, ನನ್ನ ಕಣ್ಣು” ಎನ್ನುವವರೊಡನೆ ನನಗೆ ಜಗಳವಿಲ್ಲ. ಊಟಕ್ಕೆ ಉಪ್ಪು ಹಾಕಿಕೊಳ್ಳುವುದು ಉಣ್ಣುವವನ ಇಷ್ಟ. ಆದರೆ ಅಡಿಗೆಯವನು ಮಾಡಿದ ರುಚಿ ಯಾವುದೆಂದು ಒಮ್ಮೆಯಾದರೂ ನೋಡಿ, ಆಮೇಲೆ ಉಪ್ಪು ಹಾಕಿಕೊಳ್ಳುವುದು ಮರ್ಯಾದೆ. ಶುದ್ಧಪಾಠವನ್ನು ಕಂಡವನು ಪಾಠಾಂತರವನ್ನು ಮೆಚ್ಚಿದರೆ ಅದು ಅಭಿರುಚಿ. ಕಾಣದೆಯೇ ಮೆಚ್ಚಿದರೆ ಅದು ಅಂಗಡಿಯವನ ಅಭಿರುಚಿ. ಲೋಕದ ಬಹುಭಾಗವನ್ನು ನಾವು ಈಗ ಈ ಕಿಟಕಿಯಿಂದಲೇ ನೋಡುತ್ತಿದ್ದೇವೆ: ಚುನಾವಣೆ, ನೆರೆ, ಕಾಡು, ದೂರದ ಮೊಮ್ಮಗುವಿನ ಮುಖ. ಕಿಟಕಿಯ ಗಾಜು ಯಾವ ಬಣ್ಣದ್ದೆಂದು ತಿಳಿದಿರಬೇಡವೇ?

ಬರುವ ವಿಜಯದಶಮಿಯ ರಾತ್ರಿ ಪಂಜಿನ ಕವಾಯತು ಬಿತ್ತರವಾಗುವಾಗ ಮೂರೇ ಅಂಶಗಳನ್ನು ಗಮನಿಸಿರಿ. ಆಕಾಶ ಕಪ್ಪಾಗಿದ್ದೂ ಅದರ ಕೆಳಗೆ ನಿಂತ ಜನ ಕಾಣುತ್ತಾರೆಯೇ? ಜ್ವಾಲೆಗೆ ಹಳದಿಯೂ ನಾಲಿಗೆಯೂ ಇದೆಯೇ? ಪಂಜು ಹಿಡಿದ ಹುಡುಗನ ಮುಖ ಅವನ ತಾಯಿಗೆ ಗುರುತು ಸಿಗುವಂತಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ನಿಮ್ಮ ಪೆಟ್ಟಿಗೆ ಹದವಾಗಿದೆ ಎಂದು ತಿಳಿಯಿರಿ.